ಹಗೇವು ಮತ್ತು ಹಿಡಿ ಅಕ್ಕಿ

ಆಯ್ದಕ್ಕಿ ಲಕ್ಕಮ್ಮನ ಕತೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ. ಗಂಡ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಾನೆ, ಹೆಂಡತಿ ಅದನ್ನೇ ಬೇಯಿಸಿ ಬಂದವರಿಗೆ ಬಡಿಸುತ್ತಾಳೆ, ಆಮೇಲೆ ತಾವೂ ಉಣ್ಣುತ್ತಾರೆ. ಒಂದು ದಿನ ಅವನ ಗಂಟು ಎಂದಿಗಿಂತ ದೊಡ್ಡದಾಗಿತ್ತು. ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಾದದ್ದನ್ನು ತಂದ ಕಡೆಗೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು.

ಈ ಕತೆಯನ್ನು ಸವದತ್ತಿ ಕಡೆಯ ಎರೆಹೊಲದ ರೈತನ ಮುಂದಿಟ್ಟರೆ ಏನಾಗುತ್ತದೆ? ಅವನ ಮುತ್ತಜ್ಜ ಹಗೇವು ತೋಡಿಸಿದವನು. ನೆಲದೊಳಗೆ ಆಳಕ್ಕೆ ತೋಡಿ, ಗೋಡೆಗೆ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಒಳಗೆ ಗಾಳಿಯಾಡುವುದಿಲ್ಲ. ಗಾಳಿ ಇಲ್ಲದ ಕಡೆ ನುಸಿಯೂ ಬದುಕುವುದಿಲ್ಲ. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ, ಕೆಟ್ಟ ಗಾಳಿಗೆ ಮನುಷ್ಯನೂ ಸಾಯುತ್ತಾನೆ. ಈ ವರ್ಷದ ಜೋಳ ಮುಂದಿನ ವರ್ಷಕ್ಕೆ, ಅದರಾಚೆಯ ವರ್ಷಕ್ಕೆ. ಒಬ್ಬಳು ನಾಳೆಗೆಂದು ಒಂದು ಹಿಡಿಯನ್ನೂ ಇಟ್ಟುಕೊಳ್ಳದವಳು, ಇನ್ನೊಬ್ಬ ನಾಡಿದ್ದಿಗೂ ಹೂತಿಟ್ಟವನು. ಮಿತವಾಗಿ ಬಾಳಿದವರು ಯಾರು?

ಸ್ವಾವಲಂಬನೆ, ಮಿತವ್ಯಯ ಎಂದು ನಾವು ಸಲೀಸಾಗಿ ಆಡುವ ಮಾತುಗಳ ಹಿಂದಿರುವ ತತ್ತ್ವ ಈ ಪ್ರಶ್ನೆಯಲ್ಲೇ ಸಿಕ್ಕಿಕೊಂಡಿದೆ. ಶರಣರು ಅದನ್ನು ಕಾಯಕ ಮತ್ತು ದಾಸೋಹ ಎಂಬ ಜೋಡಿಯಲ್ಲಿ ಹೇಳಿದರು. ಬೈಲಹೊಂಗಲ, ಕಿತ್ತೂರು ಸೀಮೆಗೆ ಅದು ಪುಸ್ತಕದಿಂದ ಬಂದ ಮಾತಲ್ಲ. ಕಲ್ಯಾಣದ ಗಲಭೆಯ ನಂತರ ಶರಣರ ಒಂದು ತಂಡ ಉಳವಿಯತ್ತ ಹೋದದ್ದು ಈ ದಾರಿಯಲ್ಲೇ ಎಂಬುದು ಇಲ್ಲಿಯ ನಂಬಿಕೆ. ಮಲಪ್ರಭೆಯ ದಂಡೆಯ ಕಾದರವಳ್ಳಿಯಲ್ಲಿ ಬೆನ್ನಟ್ಟಿದ ಸೈನ್ಯದೊಡನೆ ಕಾಳಗವಾಯಿತೆನ್ನುತ್ತಾರೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳವಿದೆ, ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರದು.

ಕಾಯಕವೆಂದರೆ ದುಡಿಮೆ ಎಂದಷ್ಟೇ ತಿಳಿದರೆ ಅರ್ಧ ತಿಳಿದಂತೆ. ದುಡಿಯಲು ಯಾವ ತತ್ತ್ವವೂ ಬೇಡ, ಹಸಿವು ಸಾಕು. ಶರಣರು ದುಡಿಮೆಗೆ ಒಂದು ಅಳತೆ ಕಟ್ಟಿದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯನ ಪ್ರಸಂಗ ನೋಡಿ. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ನೀರಿಗೆ ಬಿತ್ತು, ಅವನು ಅದನ್ನು ಹುಡುಕದೆ ಹುಲ್ಲಿನ ಹೊರೆ ಹೊತ್ತು ನಡೆದ. ಲಿಂಗವೇ ಅವನ ಬೆನ್ನು ಹತ್ತಿ ಬಂತು. ಬೇಕಾದರೆ ನೀನೂ ದುಡಿ ಎಂದು ಹಗ್ಗ ಮಾರುವ ಕೆಲಸ ಲಿಂಗದ ಪಾಲಿಗೆ ಬಂತು. ಅದು ಹಗ್ಗದ ನ್ಯಾಯವಾದ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು ಹಣ ತಂದಾಗ ಚಂದಯ್ಯ ಅದನ್ನು ಮುಟ್ಟಲಿಲ್ಲ. ದೇವರೇ ತಂದರೂ ಹೆಚ್ಚಿನದು ಹೆಚ್ಚಿನದೇ. ಈ ಕತೆಯನ್ನು ಭಕ್ತಿಯ ಪವಾಡವೆಂದು ಓದುವವರಿದ್ದಾರೆ, ನನಗೆ ಅದು ಬೆಲೆಯ ಬಗೆಗಿನ ಕಟುವಾದ ವಾದವಾಗಿ ಕಾಣುತ್ತದೆ. ಹಗ್ಗಕ್ಕೆ ಹಾಕಿದ ಶ್ರಮ ಇಷ್ಟು, ಆದ್ದರಿಂದ ನನಗೆ ಸಲ್ಲುವುದೂ ಇಷ್ಟೇ.

ಅಳತೆ ಮೀರಿದ್ದು ಏನಾಗಬೇಕು ಎಂಬುದಕ್ಕೆ ಹಂಚಿ ಉಣ್ಣುವ ದಾಸೋಹ ಉತ್ತರ. ಜಿಪುಣನಿಗೂ ಮಿತವ್ಯಯಿಗೂ ಹೊರನೋಟಕ್ಕೆ ವ್ಯತ್ಯಾಸ ಕಾಣದು. ಇಬ್ಬರೂ ಹರಿದ ಅಂಗಿ ಹೊಲಿದು ಹಾಕಿಕೊಳ್ಳುತ್ತಾರೆ, ಇಬ್ಬರೂ ದೀಪ ಬೇಗ ಆರಿಸುತ್ತಾರೆ. ಉಳಿದದ್ದು ಎತ್ತ ಹೋಗುತ್ತದೆ ಎಂದು ಕೇಳಿದಾಗಲೇ ದಾರಿ ಬೇರೆಯಾಗುವುದು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಸಾಲಗಾರನಾಗದಂತೆ ಎಚ್ಚರಿಸುತ್ತದೆ, ಅಷ್ಟೇ. ಪಕ್ಕದಲ್ಲಿ ಹಾಸಿಗೆಯೇ ಇಲ್ಲದವನು ಮಲಗಿದ್ದರೆ ಏನು ಮಾಡಬೇಕೆಂದು ಅದು ಹೇಳುವುದಿಲ್ಲ.

ಇದಕ್ಕೆ ಬದುಕಿ ತೋರಿಸಿದ ಉದಾಹರಣೆ ಬೇಕೆಂದರೆ ಫ.ಗು. ಹಳಕಟ್ಟಿಯವರಿದ್ದಾರೆ. ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿಕೆ ಮಾಡಿದವರು, ವಚನಗಳ ಓಲೆಗರಿಯ ಕಟ್ಟುಗಳಿಗಾಗಿ ಊರೂರು ಅಲೆದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಮುಂದೆ ಇದ್ದ ಮನೆಯನ್ನೂ ಮಾರಿ ಸ್ವಂತ ಮುದ್ರಣಾಲಯ ಹಾಕಿದರು. ತಮಗಾಗಿ ಮಾಡುವ ಖರ್ಚಿನಲ್ಲಿ ಅಷ್ಟು ಬಿಗಿಯಾಗಿದ್ದ ಮನುಷ್ಯ ಪುಸ್ತಕದ ವಿಷಯಕ್ಕೆ ಬಂದರೆ ದುಂದುಗಾರನೇ ಸರಿ. ಸರಳ ಬದುಕಿಗೆ ಯಾವ ಪುಸ್ತಕ ಓದಬೇಕೆಂದು ಕೇಳುವವರಿಗೆ ನಾನು ಮೊದಲು ಹೇಳುವುದು ಲಕ್ಕಮ್ಮನ ವಚನಗಳನ್ನು. ಇರುವುದೇ ಕೆಲವು, ಒಂದು ಸಂಜೆಗೆ ಮುಗಿಯುತ್ತವೆ, ಊರ ಗ್ರಂಥಾಲಯದಲ್ಲಿ ಪುಕ್ಕಟೆ ಸಿಗುತ್ತವೆ.

ಈಗ ಹಗೇವಿನ ಕಡೆ ಬರೋಣ. ಲಕ್ಕಮ್ಮ, ಚಂದಯ್ಯ ಇಬ್ಬರದೂ ದಿನದ ಕಾಯಕ. ಇವತ್ತು ಆಯ್ದದ್ದು ಇವತ್ತಿಗೆ, ನಾಳೆ ಅಂಗಳ ಮತ್ತೆ ಇರುತ್ತದೆ. ಒಕ್ಕಲುತನಕ್ಕೆ ಆ ಭಾಗ್ಯವಿಲ್ಲ. ಹಿಂಗಾರಿ ಜೋಳ ಬಿತ್ತಿದವನ ಕೈಗೆ ವರ್ಷಕ್ಕೊಂದು ಸಲ ಕಾಳು ಬರುತ್ತದೆ, ಅದೂ ಮಳೆ ಕೊಟ್ಟರೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಪೂರ್ವಕ್ಕೆ ಹರಿದಂತೆ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಕಿತ್ತೂರಿನ ಸುತ್ತ ಮಲೆನಾಡಿನ ಸೆರಗು, ಅಲ್ಲಿ ಭತ್ತವೂ ಬೆಳೆಯುತ್ತದೆ. ಬೈಲಹೊಂಗಲಕ್ಕೆ ಬರುವಷ್ಟರಲ್ಲಿ ಹತ್ತಿ, ಜೋಳ, ಕಡಲೆ. ರಾಮದುರ್ಗ ತಲುಪಿದರೆ ಆಕಾಶ ನೋಡುವ ಬದುಕು. 1876–78ರ ಬರ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಹೇಗೆ ಅರೆಯಿತೆಂದು ಬಲ್ಲವರು ಹಗೇವು ತೋಡಿದವನನ್ನು ಆಸೆಬುರುಕ ಎನ್ನಲಾರರು.

ಹಾಗಾದರೆ ಲಕ್ಕಮ್ಮನ ಅಳತೆ ರೈತನಿಗೆ ಸಲ್ಲುವುದಿಲ್ಲವೇ? ಸಲ್ಲುತ್ತದೆ. ಅವಳ ಅಳತೆಯನ್ನು ಹಿಡಿ, ಸೇರುಗಳ ಲೆಕ್ಕದಲ್ಲಿ ಮಾತ್ರ ತಿಳಿಯಬಾರದು. ಕಾಯಕ ಒಂದು ಸುತ್ತು ತಿರುಗಿ ಬರಲು ಎಷ್ಟು ಕಾಲ ಬೇಕೋ ಅಷ್ಟು ಕಾಲಕ್ಕೆ ಬೇಕಾದದ್ದು ನನ್ನದು. ಹಗ್ಗದವನ ಸುತ್ತು ಒಂದು ದಿನ. ರಾಮದುರ್ಗ, ಸುರೇಬಾನದ ನೇಕಾರನಿಗೆ ಹೂಡಿದ ಹಾಸು ನೇಯ್ದು ಮುಗಿಯುವ ತನಕ. ರೈತನಿಗೆ ಮುಂದಿನ ಸುಗ್ಗಿಯ ತನಕ, ಜೊತೆಗೆ ಒಂದು ಮಳೆ ಕೈಕೊಟ್ಟರೆ ತಡೆಯುವಷ್ಟು. ಅದರಾಚೆಗೆ ಇಟ್ಟ ಜೋಳ ಬೇರೆಯವರ ಹಸಿವಿನ ಮೇಲೆ ಹೂಡಿದ ಬಂಡವಾಳವಾಗುತ್ತದೆ. ಬರದಲ್ಲಿ ಧಾರಣೆ ಏರಲೆಂದು ಬಾಯಿ ಮುಚ್ಚಿಟ್ಟ ಹಗೇವೂ ಇತ್ತು, ಓಣಿಯವರಿಗೆ ಅಳೆದುಕೊಟ್ಟು ಸುಗ್ಗಿಗೆ ತಿರುಗಿ ಅಳೆಸಿಕೊಂಡ ಹಗೇವೂ ಇತ್ತು. ಮಣ್ಣು ಒಂದೇ, ಜೋಳ ಒಂದೇ.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಹಳೆಯ ಹಳ್ಳಿ ತನ್ನ ಕಾಲ ಮೇಲೆ ತಾನು ನಿಂತಿತ್ತು ಎಂದು ಹಾಡಿ ಹೊಗಳುವವರು ಆ ಕಾಲು ಯಾರ ಹೆಗಲ ಮೇಲಿತ್ತೆಂದು ನೋಡುವುದಿಲ್ಲ. ಕಣದಲ್ಲಿ ರಾಶಿಯಾದಾಗ ಬಡಿಗ, ಕಂಬಾರ, ಕುಂಬಾರರಿಗೆ ಆಯ ಸಿಗುತ್ತಿತ್ತು ನಿಜ. ಆದರೆ ಯಾರಿಗೆ ಮೊದಲು, ಯಾರಿಗೆ ಕಣ ಗುಡಿಸಿದ ಮೇಲೆ ಎಂಬುದನ್ನು ಜಾತಿ ತೀರ್ಮಾನಿಸಿತ್ತು. ಮನೆಯೊಳಗಂತೂ ಕೋಳಿ ಕೂಗುವ ಮೊದಲೇ ಹೆಣ್ಣುಮಕ್ಕಳು ಬೀಸುಕಲ್ಲಿಗೆ ಕೂರಬೇಕಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಸ್ವಾವಲಂಬನೆ ಹೋಯಿತೆಂದು ಮರುಗಿದ ಒಬ್ಬ ಹೆಂಗಸನ್ನೂ ನಾನು ಕಂಡಿಲ್ಲ, ಮರುಗಿದವರೆಲ್ಲ ಗಂಡಸರು.

ಯಂತ್ರವನ್ನು ಕಂಡರಾಗದವರೆಂದು ಹೆಸರಾದ ಗಾಂಧೀಜಿಯೂ ಈ ವಿಷಯದಲ್ಲಿ ಅಷ್ಟು ಮೊಂಡರಾಗಿರಲಿಲ್ಲ. 1924ರಲ್ಲಿ ಒಂದು ಸಂಭಾಷಣೆಯಲ್ಲಿ ಅವರು ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿಯ ಬೇಸರದ ದುಡಿಮೆ ಕಂಡು ಪ್ರೀತಿಯಿಂದ ಮಾಡಿದ ಯಂತ್ರ ಅದು ಎಂಬುದು ಅವರ ಕಾರಣ. ಅದೇ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಅವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ತಮಗಾಗಿ ಕಟ್ಟಿದ ಬಿದಿರಿನ ಗುಡಿಸಲಿಗೆ 350 ರೂಪಾಯಿ ಆಯಿತೆಂದು ಕೇಳಿ ಅವರು ಮುಖ ಗಂಟಿಕ್ಕಿದ್ದು ಈ ಜಿಲ್ಲೆಯಲ್ಲಿ ಇನ್ನೂ ಹೇಳುವ ಕತೆ. ಸರಳತೆಗೂ ಬಿಲ್ಲು ಬರುತ್ತದೆ! ಆ ಅಧಿವೇಶನ ಕಾಂಗ್ರೆಸ್ ಸದಸ್ಯತ್ವಕ್ಕೆ ತಿಂಗಳಿಗೆ 2,000 ಗಜ ನೂಲಿನ ಷರತ್ತನ್ನು ಒಪ್ಪಿತು. ತಾನೇ ನೂಲಬೇಕು, ಆಗದಿದ್ದರೆ ಬೇರೆಯವರು ನೂತದ್ದನ್ನು ಕೊಡಬೇಕು. ಒಂದು ವರ್ಷ ಪೂರ್ತಿಯಾಗುವ ಮೊದಲೇ, 1925ರ ಸೆಪ್ಟೆಂಬರಿನಲ್ಲಿ, ನೂಲು ಬೇಡದವರು ನಾಲ್ಕಾಣೆ ಕೊಡಬಹುದೆಂದು ನಿಯಮ ಸಡಿಲಾಯಿತು. ಕಾಯಕವನ್ನು ಚಂದಾ ಮಾಡಿದರೆ ಅದು ಚಂದಾ ಆಗಿಯೇ ಉಳಿಯುತ್ತದೆ.

ನೂಲು ನೆಲೆ ನಿಂತದ್ದು ಬೇರೆ ಕಡೆ. ಬೈಲಹೊಂಗಲಕ್ಕೆ ದೂರವಲ್ಲದ ಹುದಲಿ, ಕಾಂಗ್ರೆಸ್ ನಾಯಕ ಗಂಗಾಧರರಾವ್ ದೇಶಪಾಂಡೆಯವರ ಊರು. 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ಅಲ್ಲಿ ಸೇರಿ, ಗಾಂಧೀಜಿ ಬಂದು ತಂಗಿದ್ದರು. ಖಾದಿ ಅಲ್ಲಿ ಇಂದಿಗೂ ಹಲವು ಮನೆಗಳ ಕೂಲಿ. ಕಿತ್ತೂರು, ಧಾರವಾಡದ ನಡುವಿನ ಗರಗ ಗ್ರಾಮದ ಮಗ್ಗಗಳು ರಾಷ್ಟ್ರಧ್ವಜದ ಬಟ್ಟೆ ನೇಯ್ದು ಹೆಸರಾದವು. ಇವರು ತಮ್ಮ ಬಟ್ಟೆ ತಾವೇ ನೇಯ್ದುಕೊಳ್ಳುವವರೇನಲ್ಲ, ಮಾರುವವರು. ಕೈಯಲ್ಲಿ ಕೆಲಸ, ಕೆಲಸಕ್ಕೆ ಕೂಲಿ, ಕೆಟ್ಟರೆ ಊರಲ್ಲೇ ರಿಪೇರಿಯಾಗುವ ಸಲಕರಣೆ. ಸ್ವಾವಲಂಬನೆಗೆ ಇಷ್ಟು ಸಾಕೆಂದು ನನ್ನ ಅನಿಸಿಕೆ.

ಎಲ್ಲವನ್ನೂ ತಾನೇ ಮಾಡಿಕೊಳ್ಳುವುದೇ ಸ್ವಾವಲಂಬನೆ ಎಂಬ ಕಲ್ಪನೆ ನಮ್ಮಲ್ಲಿ ಈಗೀಗ ಬೆಳೆದಿರುವುದಕ್ಕೆ ಅಮೆರಿಕದ ಥೋರೋ ಸ್ವಲ್ಪ ಕಾರಣ. ವಾಲ್ಡನ್ ಕೊಳದ ದಂಡೆಯಲ್ಲಿ 1845ರಲ್ಲಿ ತಾನೇ ಗುಡಿಸಲು ಕಟ್ಟಿಕೊಂಡು ಎರಡು ವರ್ಷ ಚಿಲ್ಲರೆ ಇದ್ದ. ಖರ್ಚು 28 ಡಾಲರು 12½ ಸೆಂಟು ಎಂದು ಮೊಳೆ, ಸುಣ್ಣದವರೆಗೆ ಬರೆದಿಟ್ಟ. 1854ರಲ್ಲಿ ಬಂದ ಅವನ ‘ವಾಲ್ಡನ್’ ಮಿತವಾಗಿ ಬಾಳುವವರ ಕೈಪಿಡಿಯೇ ಆಯಿತು. ಅದೇ ಪುಸ್ತಕವನ್ನು ನಿಧಾನವಾಗಿ ಓದಿದರೆ ಜಾಗ ಗೆಳೆಯ ಎಮರ್ಸನ್‌ನದು, ಮರ ಕಡಿಯಲು ತಂದ ಕೊಡಲಿ ಎರವಲು. ತಂದಾಗಿನದಕ್ಕಿಂತ ಹರಿತ ಮಾಡಿ ಹಿಂದಿರುಗಿಸಿದೆ ಎಂದು ಥೋರೋ ಬರೆಯುತ್ತಾನೆ. ನನಗೆ ಇಡೀ ಪುಸ್ತಕದಲ್ಲಿ ಹಿಡಿಸಿದ್ದು ಆ ಕೊಡಲಿ. ಒಂದು ಕೂರಿಗೆಯನ್ನು ನಾಲ್ಕು ಮನೆಯವರು ಸರದಿಯ ಮೇಲೆ ಹೂಡುವ, ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವ ಸೀಮೆಯವರಿಗೆ ಅದು ಹೊಸ ಸಂಗತಿಯಲ್ಲ. ಆದರೂ ಥೋರೋ, ಲಕ್ಕಮ್ಮ ಇಬ್ಬರ ಗುರಿ ಬೇರೆ. ಥೋರೋ ಖರ್ಚು ಇಳಿಸಿದ್ದು ತನ್ನ ಸಮಯವನ್ನು ತಾನು ಗೆಲ್ಲಲು. ಲಕ್ಕಮ್ಮ ಇಳಿಸಿದ್ದು ಇನ್ನೊಬ್ಬರ ಪಾಲು ತನ್ನ ಗಡಿಗೆಗೆ ಬೀಳಬಾರದೆಂದು. ಅವಳು ಬೇಯಿಸಿದ ಅಕ್ಕಿ ಬಸವಣ್ಣನವರ ಅಂಗಳದ್ದು ಎಂಬುದನ್ನೂ ಮರೆಯುವ ಹಾಗಿಲ್ಲ. ರೇಷನ್ ಅಕ್ಕಿ ಉಂಡವರನ್ನು ಪರಾವಲಂಬಿಗಳೆಂದು ಜರೆಯುವವರು ಇದನ್ನು ಒಮ್ಮೆ ಯೋಚಿಸಬೇಕು.

ಇನ್ನು ಸಲಕರಣೆಯ ಮಾತು. ಸರಳ ಬದುಕೇ ಈಗ ಒಂದು ಸರಕು. ತಾಮ್ರದ ಬಾಟಲಿ, ಉಡುಗೊರೆ ಡಬ್ಬಿಯ ಸಿರಿಧಾನ್ಯ, ಕೈಮಗ್ಗದ ಚೀಲ, ಎಲ್ಲ ಆನ್‌ಲೈನ್‌ನಲ್ಲಿ ಮನೆಗೆ ಬರುತ್ತವೆ. ಇದ್ದ ಸ್ಟೀಲ್ ಚರಗಿ ಬಿಟ್ಟು ತಾಮ್ರದ್ದು ಕೊಂಡರೆ ಅದು ಮಿತವ್ಯಯ ಹೇಗಾದೀತು? ಹೊಸದು ಕೊಳ್ಳದೆ ಹುಟ್ಟುವ ವಸ್ತುವೇ ಈ ತತ್ತ್ವಕ್ಕೆ ಹತ್ತಿರ. ನಮ್ಮ ಕಡೆಯ ಕೌದಿಯಂತೆ. ಉಟ್ಟು ಸವೆದ ಸೀರೆ, ಧೋತರ, ಮಕ್ಕಳ ಅಂಗಿಯ ತುಂಡುಗಳನ್ನು ಪದರ ಪದರ ಹಾಸಿ ಸಾಲು ಹೊಲಿಗೆ ಹಾಕಿದರೆ ಒಂದು ತಲೆಮಾರು ಹೊದೆಯಬಹುದು. ಸೂಜಿ, ದಾರ ಬಿಟ್ಟರೆ ಬೇರೆ ಖರ್ಚಿಲ್ಲ, ಬಿಸಿಲುಗಾಲದ ಮಧ್ಯಾಹ್ನಗಳು ಬೇಕು. ಓಣಿಯ ನಾಲ್ಕು ಹೆಂಗಸರು ಸೇರಿದರೆ ಕೆಲಸವೂ ಬೇಗ ಸಾಗುತ್ತದೆ, ಮಾತೂ ಸಾಗುತ್ತದೆ. ಯಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಹೊರಡುವ ಚಕ್ಕಡಿಯಲ್ಲಿ ಇಂಥ ಕೌದಿ, ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದೆರಡು ಪಾತ್ರೆ. ದಿನಗಟ್ಟಲೆ ಕೆಡದ ಬುತ್ತಿ. ಗುಡ್ಡದ ಮೇಲೆ ಪಡ್ಡಲಗಿ ತುಂಬಿಸುವಾಗ ಅಡುಗೆಯ ಒಂದು ಪಾಲು ಜೋಗತಿಯರ ಬುಟ್ಟಿಗೆ ಹೋಗುತ್ತದೆ. ತನಗೆಷ್ಟು, ಬೇರೆಯವರಿಗೆಷ್ಟು ಎಂಬ ಲೆಕ್ಕ ಮನೆ ಬಿಡುವಾಗಲೇ ಆಗಿರುತ್ತದೆ.

ಇವತ್ತಿನ ರೈತನಿಗೆ ಈ ಅಳತೆ ಬಿಗಿಯಾಗುವುದು ಬೀಜದಲ್ಲಿ. ಧಾರವಾಡದ ಸಂಶೋಧನಾ ಕೇಂದ್ರದಿಂದ 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿಸಿಎಚ್-32 ಎಂಬ ಹೈಬ್ರಿಡ್ ಹತ್ತಿ ಬಂದವು. ಅವು ಅನೇಕ ಮನೆಗಳಿಗೆ ಹಂಚು ಹೊದಿಸಿದವು, ಮಕ್ಕಳನ್ನು ಕಾಲೇಜು ಹತ್ತಿಸಿದವು, ಅದನ್ನು ಅಲ್ಲಗಳೆಯುವುದು ಉಂಡ ಮನೆಗೆ ದ್ರೋಹ. ಆದರೆ ಹೈಬ್ರಿಡ್ ಬೀಜವನ್ನು ಇಟ್ಟು ಮರುವರ್ಷ ಬಿತ್ತಿದರೆ ಬೆಳೆ ಮೊದಲಿನಂತೆ ಬರುವುದಿಲ್ಲ. ಜಯಧರದಂಥ ಜವಾರಿ ಹತ್ತಿಯ ಬೀಜ ಮನೆಯಲ್ಲೇ ಇರುತ್ತಿತ್ತು, ಇದಕ್ಕೆ ಪ್ರತಿ ವರ್ಷ ಅಂಗಡಿಯೇ ಗತಿ. 2002ರಲ್ಲಿ ಬಿಟಿ ಹತ್ತಿ ದೇಶಕ್ಕೆ ಕಾಲಿಟ್ಟ ಮೇಲೆ ಅಂಗಡಿಯ ಹಿಡಿತ ಇನ್ನಷ್ಟು ಬಲವಾಯಿತು. ಬೀಜ, ಗೊಬ್ಬರ, ಕೀಟನಾಶಕದ ಎಣ್ಣೆ ಮೂರೂ ಉದ್ರಿ, ಹತ್ತಿ ಬಂದ ಮೇಲೆ ಚುಕ್ತಾ.

ಹಿಂಗಾರಿ ಜೋಳದಲ್ಲಿ ಮಾತ್ರ ಇನ್ನೂ ಬೇರೆ ದಾರಿ ಉಳಿದಿದೆ. ಈ ಭಾಗದವರು ಬಿತ್ತುವ ಮಾಲದಂಡಿ ಹೈಬ್ರಿಡ್ ಅಲ್ಲ, ಒಳ್ಳೆಯ ತೆನೆ ಆರಿಸಿಟ್ಟರೆ ಮುಂದಿನ ವರ್ಷಕ್ಕೆ ಅದೇ ಬೀಜ. ಹತ್ತಿಯ ಹೊಲದ ಜೊತೆಗೆ ಮನೆಯವರ ರೊಟ್ಟಿಗೆ, ದನದ ಕಣಕಿಗೆ ಆಗುವಷ್ಟು ಜೋಳವನ್ನು ತಪ್ಪದೆ ಹಾಕುವ ರೈತರು ಬೈಲಹೊಂಗಲ, ಸವದತ್ತಿಯ ಹಳ್ಳಿಗಳಲ್ಲಿ ಸಿಗುತ್ತಾರೆ. ಪೇಟೆಯ ಧಾರಣೆ ಹತ್ತಿಯ ಲೆಕ್ಕವನ್ನು ಏರಿಸಲಿ ಇಳಿಸಲಿ, ಆ ಜೋಳದ ಲೆಕ್ಕ ಬೇರೆ. ಅದರ ಬೀಜವನ್ನು ನೆರೆಮನೆಯವರು ಕೇಳಿದರೆ ದುಡ್ಡು ತೆಗೆದುಕೊಳ್ಳದೆ ಅಳೆದುಕೊಡುತ್ತಾರೆ, ಸುಗ್ಗಿಯ ಮೇಲೆ ಅಷ್ಟೇ ತಿರುಗಿ ಬರುತ್ತದೆ.