ಬೊಡೋನಿಯ ತೆಳು ಗೆರೆ ಯಾರಿಗಾಗಿ?

‘ವೋಗ್’ ಪತ್ರಿಕೆಯನ್ನು ನೀವು ಓದಿರದಿದ್ದರೂ ಅದರ ಮುಖಪುಟವನ್ನಂತೂ ನೋಡಿರುತ್ತೀರಿ. ಇಂಗ್ಲಿಷಿನ ‘ವಿ’ ಅಕ್ಷರದ ಎಡಗಾಲು ದಪ್ಪ, ಬಲಗಾಲು ಕೂದಲೆಳೆಯಷ್ಟು ಸಣ್ಣ. ತುದಿಯಲ್ಲಿ ಸೆರಿಫ್ ಅನ್ನೋ ಪುಟ್ಟ ಚಾಚು, ಅದೂ ಬ್ಲೇಡಿನಷ್ಟು ತೆಳು. ಮಾಲ್‌ನಲ್ಲಿ ಜಾರಾ ಅಂಗಡಿಯ ಬೋರ್ಡು ನೋಡಿ, ಅಲ್ಲೂ ಇದೇ ದಪ್ಪ-ತೆಳುವಿನ ಆಟ. ಬೆಲೆಯ ಚೀಟಿ ತಿರುಗಿಸಿ ನೋಡೋ ಮೊದಲೇ ‘ಇದು ನಿನ್ನ ಬಜೆಟ್ ಅಲ್ಲ’ ಅಂತ ಅಕ್ಷರವೇ ಹೇಳಿಬಿಡುತ್ತೆ.

ಈ ಅಕ್ಷರಗಳ ತವರು ಎರಡು. ಪ್ಯಾರಿಸ್ಸಿನಲ್ಲಿ ದಿದೋ ಕುಟುಂಬ, ಇಟಲಿಯ ಪಾರ್ಮಾದಲ್ಲಿ ಜಾಂಬತ್ತಿಸ್ತಾ ಬೊಡೋನಿ. 1740ರಲ್ಲಿ ಹುಟ್ಟಿದ ಬೊಡೋನಿ 1768ರಲ್ಲಿ ಪಾರ್ಮಾದ ಡ್ಯೂಕನ ಮುದ್ರಣಾಲಯಕ್ಕೆ ಬಂದ. ಅದಕ್ಕೂ ಮೊದಲಿನ ಒರಟು ಕಾಗದದ ಮೇಲೆ ಇಷ್ಟು ಸಣ್ಣ ಗೆರೆ ನಿಲ್ಲೋದೇ ಕಷ್ಟವಿತ್ತು. ಬರ್ಮಿಂಗ್‌ಹ್ಯಾಮಿನ ಜಾನ್ ಬಾಸ್ಕರ್‌ವಿಲ್ 1757ರ ಹೊತ್ತಿಗೆ ನುಣುಪು ಕಾಗದ, ಕಡುಕಪ್ಪು ಶಾಯಿ ಬಳಸಿ ದಾರಿ ತೋರಿಸಿದ್ದ. ಅಂದರೆ ಆ ತೆಳು ಗೆರೆಯ ಹಿಂದೆ ಕೈಚಳಕ ಒಂದೇ ಇಲ್ಲ. ಒಳ್ಳೇ ಕಾಗದ, ಒಳ್ಳೇ ಶಾಯಿ, ಡ್ಯೂಕನ ದುಡ್ಡು ಎಲ್ಲಾ ಇದೆ. ದೊಡ್ಡ ಪುಟ, ಅಗಲವಾದ ಅಂಚು, ಪುಟಕ್ಕೆ ನಾಲ್ಕಾರು ಸಾಲು. ಕೊಳ್ಳುತ್ತಿದ್ದವರು ಅರಸರು, ಸಿರಿವಂತರು.

ಇದನ್ನು ಕಂಡರಾಗದವರೂ ಇದ್ದರು. ವಿಲಿಯಂ ಮಾರಿಸ್‌ಗೆ ಬೊಡೋನಿಯ ಅಕ್ಷರ ಅಂದರೆ ಮೈಯುರಿ. 1930ರಲ್ಲಿ ಬಿಯಾಟ್ರಿಸ್ ವಾರ್ಡ್ ಲಂಡನ್ನಿನಲ್ಲಿ ಮಾಡಿದ ಭಾಷಣ ಇವತ್ತಿಗೂ ಡಿಸೈನರ್‌ಗಳಿಗೆ ಪಾಠ: ಮುದ್ರಣ ಅನ್ನೋದು ಗಾಜಿನ ಲೋಟದ ಹಾಗಿರಬೇಕು, ಒಳಗಿನ ಮದ್ಯ ಕಾಣಬೇಕೇ ಹೊರತು ಲೋಟವಲ್ಲ. ನಮ್ಮಂಥ ಇಂಜಿನಿಯರ್‌ಗಳಿಗೆ ಈ ವಾದ ಕೇಳಿದ ಕೂಡಲೇ ಹಿಡಿಸುತ್ತೆ. ನನಗೆ ಮಾತ್ರ ಅರ್ಧ ಹಿಡಿಸಿದೆ. ಯಾಕಂದರೆ ‘ಕೆಲಸ ಆದರೆ ಸಾಕು’ ಅನ್ನೋ ಮಾತು ಸುಲಭವಾಗಿ ‘ಇವರಿಗೆ ಇಷ್ಟೇ ಸಾಕು’ ಆಗಿಬಿಡುತ್ತೆ. ಸರ್ಕಾರಿ ಶಾಲೆಯ ಗೋಡೆ, ಬಸ್ ಸ್ಟ್ಯಾಂಡಿನ ಬೆಂಚು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮೂರ ತೇರಿನ ಕೆತ್ತನೆಯಿಂದ ದೇವರು ಬೇಗ ಮುಂದೆ ಹೋಗಲ್ಲ. ಹಾಗಂತ ಯಾರೂ ಅದನ್ನು ದಂಡ ಅಂದಿಲ್ಲ. ಅಂದ ಬೇಕು, ಎಲ್ಲರಿಗೂ ಬೇಕು.

ಪ್ರಶ್ನೆ ಇರೋದು ಆ ಅಂದದ ಖರ್ಚು ಯಾರ ತಲೆ ಮೇಲೆ ಬೀಳುತ್ತೆ ಅನ್ನೋದು. ದೊಡ್ಡದಾಗಿದ್ದಾಗ ಮೆರೆಯುವ ಈ ಅಕ್ಷರವನ್ನು ಸಣ್ಣದು ಮಾಡಿ ನೋಡಿ. ತೆಳು ಗೆರೆ ಮಾಯ. ದಪ್ಪ ಗೆರೆಗಳು ಮಾತ್ರ ಬೇಲಿಗೂಟದ ಹಾಗೆ ಸಾಲಾಗಿ ನಿಂತಿರುತ್ತವೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಅಚ್ಚು ಹಾಕಿದರಂತೂ ಶಾಯಿ ಹರಡಿ ತೆಳು ಗೆರೆಯನ್ನು ನುಂಗಿಬಿಡುತ್ತೆ. ಇಂಥದ್ದನ್ನೇ ಕನ್ನಡಕ್ಕೆ ತಂದರೆ ಮೊದಲು ಪೆಟ್ಟು ಬೀಳೋದು ಒತ್ತಕ್ಷರಕ್ಕೆ, ಅದು ಮೊದಲೇ ಪುಟ್ಟದು. ಡಿಸೈನರ್ ಇದನ್ನು ನೋಡೋದು ಏಸಿ ರೂಮಿನ 27 ಇಂಚಿನ ಪರದೆಯಲ್ಲಿ. ನಮ್ಮಪ್ಪ ನೋಡೋದು ಹೊಲದ ಬದುವಿನಲ್ಲಿ, ಬಿಸಿಲಲ್ಲಿ, ಗೀರು ಬಿದ್ದ ಫೋನನ್ನು ಒಂದು ಮೊಳ ದೂರ ಹಿಡಿದು. ಸಾಲದ ಷರತ್ತು ಓದಬೇಕಾದವರು ಅವರು.

ಇದಕ್ಕೆ ಬೊಡೋನಿಯನ್ನು ಬೈಯೋದು ಮಾತ್ರ ತಪ್ಪು. ಮೊಳೆಯ ಕಾಲದಲ್ಲಿ ಒಂದೊಂದು ಅಳತೆಗೂ ಉಕ್ಕಿನ ಪಂಚನ್ನು ಬೇರೆ ಬೇರೆಯಾಗಿಯೇ ಕೆತ್ತಬೇಕಿತ್ತು. ಸಣ್ಣ ಅಳತೆಗೆ ಬಂದಾಗ ಕೆತ್ತುವವನು ತೆಳು ಗೆರೆಯನ್ನು ಸ್ವಲ್ಪ ಗಟ್ಟಿ ಮಾಡುತ್ತಿದ್ದ. 1813ರಲ್ಲಿ ತೀರಿಕೊಂಡಾಗ ಅವನು ಬಿಟ್ಟುಹೋದ ಪಂಚ್‌ಗಳು 25 ಸಾವಿರಕ್ಕೂ ಹೆಚ್ಚು. ಅಕ್ಷರ ಮಾದರಿಗಳ ‘ಮನುವಾಲೆ ತಿಪೊಗ್ರಾಫಿಕೊ’ವನ್ನು ಹೆಂಡತಿ ಮಾರ್ಗರೀಟಾ 1818ರಲ್ಲಿ ಎರಡು ಸಂಪುಟಗಳಲ್ಲಿ ಹೊರತಂದಳು. (ಗಂಡನ ಹೆಸರಷ್ಟೇ ಫಾಂಟ್ ಮೆನುವಿನಲ್ಲಿ ಉಳಿದಿದೆ, ಇರ್ಲಿ.) ಆಮೇಲೆ ಕಂಪ್ಯೂಟರ್ ಬಂತು. ಒಂದೇ ಚಿತ್ರ, ಬೇಕಾದ ಅಳತೆಗೆ ಹಿಗ್ಗಿಸು, ಕುಗ್ಗಿಸು. ಅಷ್ಟು ಜನ್ಮದ ಕೆತ್ತನೆ ಒಂದು ಗುಣಾಕಾರದಲ್ಲಿ ಮುಗಿಯಿತು.

ಸರಿಮಾಡುವ ಕೆಲಸವೂ ನಡೆದಿದೆ. 1994ರ ಐಟಿಸಿ ಬೊಡೋನಿಯಲ್ಲಿ 6, 12, 72 ಪಾಯಿಂಟ್‌ಗೆ ಅಂತಲೇ ಮೂರು ರೂಪ ಬಂದವು. ಈಗ ಪುಕ್ಕಟೆ ಸಿಗುವ ‘ಬೊಡೋನಿ ಮೋಡಾ’ದಲ್ಲಿ ಅಳತೆಗೆ ತಕ್ಕ ಹಾಗೆ ಗೆರೆ ತಾನೇ ದಪ್ಪವಾಗುತ್ತೆ, ಬ್ರೌಸರ್ರೇ ಆ ಕೆಲಸ ಮಾಡುತ್ತೆ. ಹಾಗಾಗಿ ‘ಖರ್ಚು ಜಾಸ್ತಿ’ ಅನ್ನೋ ನೆಪ ಇನ್ನು ನಡೆಯಲ್ಲ.

ಉಳಿದಿರೋದು ಇನ್ನೊಂದು ತಕರಾರು. ‘ಗೆರೆ ದಪ್ಪ ಮಾಡಿದರೆ ಅದು ಅದೇ ಫಾಂಟ್ ಹೇಗಾಗುತ್ತೆ? ಬ್ರ್ಯಾಂಡ್ ಎಲ್ಲಾ ಕಡೆ ಒಂದೇ ಥರ ಕಾಣಬೇಕಲ್ವಾ?’ ಅಂತ ನಮ್ಮ ಡಿಸೈನರ್ ಕೇಳ್ತಾರೆ. ಒಂದೇ ಥರ ಇರೋದು ಗೆರೆಯಲ್ಲೋ, ಓದುವವರ ಕಣ್ಣಲ್ಲೋ? ನಮ್ಮನೇಲಿ ಜೋಳದ ರೊಟ್ಟಿ ನನಗೆ ಖಡಕ್, ಹಲ್ಲಿಲ್ಲದ ಅಜ್ಜನಿಗೆ ಹಾಲಲ್ಲಿ ನೆನೆಸಿದ್ದು. ಅಮ್ಮ ಅದನ್ನು ಎರಡು ಅಡುಗೆ ಅಂತ ಎಣಿಸಿದ್ದು ನಾನು ಕೇಳಿಲ್ಲ.

ಟೀಮಿನಲ್ಲಿ ವಾದ ಇನ್ನೂ ನಡೀತಿದೆ. ಶೀರ್ಷಿಕೆಗೆ ತೆಳು ಗೆರೆ, ಷರತ್ತಿನ ಪುಟಕ್ಕೆ ಗಟ್ಟಿ ಗೆರೆ ಅನ್ನೋವರೆಗೆ ಬಂದಿದ್ದೇವೆ. ಬಣ್ಣ ಮಾತ್ರ ತಿಳಿ ಬೂದುನೇ ಇರಲಿ ಅಂತ ಅವರು ಪಟ್ಟು ಹಿಡಿದಿದ್ದಾರೆ.