ಸೂಜಿ ಹಿಡಿದ ಸಾಕ್ಷಿ

ಯುವಜನರ ಆರಾಧನೆಯ ಸಂದೇಶ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 9:36–42

ಎಲ್ಲರೂ ಕೂತ್ಕೊಳ್ಳಿ. ಬೈಬಲ್ ತಂದಿರೋರು ಬೈಬಲ್ ತೆಗೀರಿ, ಫೋನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡಿ. ಅಪೊಸ್ತಲರ ಕೃತ್ಯಗಳು, ಒಂಬತ್ತನೇ ಅಧ್ಯಾಯ, 36ನೇ ವಚನದಿಂದ ನೋಡೋಣ.

ಯೊಪ್ಪ ಸಮುದ್ರದ ದಡದ ಊರು. ಅಲ್ಲಿ ತಬಿಥಾ ಅಂತ ಒಬ್ಬ ಶಿಷ್ಯಳು ಇದ್ದಳು. ಗ್ರೀಕ್ ಭಾಷೆಯಲ್ಲಿ ಆಕೆಯ ಹೆಸರು ದೊರ್ಕ. ಆಕೆ ಕಾಯಿಲೆ ಬಿದ್ದು ತೀರಿಕೊಂಡಳು. ದೇಹವನ್ನು ತೊಳೆದು ಮೇಲಂತಸ್ತಿನ ಕೋಣೆಯಲ್ಲಿ ಇಟ್ಟಿದ್ದಾರೆ. ಪಕ್ಕದ ಲುದ್ದದಲ್ಲಿ ಪೇತ್ರ ಇದ್ದಾನೆ ಅಂತ ಗೊತ್ತಾಗಿ ಇಬ್ಬರನ್ನು ಕಳಿಸಿ ಕರೆಸಿದರು. ಪೇತ್ರ ಬಂದ, ಮಹಡಿ ಹತ್ತಿದ. ಅಲ್ಲಿ ವಿಧವೆಯರೆಲ್ಲ ಅವನ ಸುತ್ತ ನಿಂತು ಅಳ್ತಿದ್ದಾರೆ. ದೊರ್ಕ ತಮ್ಮ ಜೊತೆ ಇದ್ದಾಗ ಮಾಡಿಕೊಟ್ಟ ಬಟ್ಟೆಗಳನ್ನು ಅವನಿಗೆ ತೋರಿಸ್ತಿದ್ದಾರೆ.

ನಾವು ಸಾಮಾನ್ಯವಾಗಿ ಈ 39ನೇ ವಚನ ದಾಟಿ ಅದ್ಭುತದ ಕಡೆ ಓಡಿಬಿಡ್ತೀವಿ. ಇವತ್ತು ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ.

ದೊರ್ಕ ಆಡಿದ ಒಂದೇ ಒಂದು ಮಾತು ಬೈಬಲಿನಲ್ಲಿ ಇಲ್ಲ. ಹುಡುಕಿ ನೋಡಿ. ಪ್ರಸಂಗ ಇಲ್ಲ, ಪ್ರಾರ್ಥನೆ ಇಲ್ಲ. ಆದರೂ ಎರಡು ಸಾವಿರ ವರ್ಷದಿಂದ ಆಕೆಯ ಸಾಕ್ಷಿ ಸಭೆಯಲ್ಲಿ ಕೇಳಿಸ್ತಾ ಇದೆ. ಹೇಗೆ? ಬಟ್ಟೆಯ ಮೂಲಕ! ಆ ಬಟ್ಟೆಗಳನ್ನು ತೊಟ್ಟುಕೊಂಡೇ ಆ ವಿಧವೆಯರು ಪೇತ್ರನಿಗೆ ತೋರಿಸಿದರು ಅಂತ, ಮೂಲ ಗ್ರೀಕ್ ಕ್ರಿಯಾಪದದ ರೂಪ ನೋಡಿ ಕೆಲವು ವ್ಯಾಖ್ಯಾನಕಾರರು ಹೇಳ್ತಾರೆ. ಯೋಚನೆ ಮಾಡಿ. ಒಬ್ಬಳು ತೋಳು ಚಾಚಿ ತೋರಿಸ್ತಾಳೆ, ಇನ್ನೊಬ್ಬಳು ಸೆರಗಿನ ತುದಿ ಹಿಡಿದ ಹಾಗೆ ಮೇಲ್ಹೊದಿಕೆಯ ಅಂಚು ಹಿಡ್ಕೊಂಡಿದ್ದಾಳೆ. ಒಂದೊಂದು ಹೊಲಿಗೆಯ ಹಿಂದೆ ಒಂದೊಂದು ಕಥೆ. ಗಂಡ ಸತ್ತ ವರ್ಷ ಕೊಟ್ಟದ್ದು ಇರಬಹುದು, ಚಳಿಗೆ ಹೊದೆಯಲು ಏನೂ ಇಲ್ಲದಾಗ ಬಂದದ್ದು ಇರಬಹುದು.

ನಾವು ಪೆಂತೆಕೊಸ್ತರು. ಆತ್ಮಭರಿತರಾಗೋದು ಅಂದ ತಕ್ಷಣ ನಮಗೆ ನೆನಪಾಗೋದು ನಾಲಿಗೆ. ಅನ್ಯಭಾಷೆ, ಪ್ರವಾದನೆ, ಸ್ತುತಿ. ಹಲ್ಲೆಲೂಯಾ, ಅದೆಲ್ಲ ಬೇಕು! ಆದರೆ ವಿಮೋಚನಕಾಂಡ 31ನೇ ಅಧ್ಯಾಯಕ್ಕೆ ಹೋಗಿ. ದೇವರು ಬೆಚಲೇಲನನ್ನು ತನ್ನ ಆತ್ಮದಿಂದ ತುಂಬಿಸ್ತಾನೆ. ಯಾವುದಕ್ಕೆ? ಕೈಕೆಲಸಕ್ಕೆ. 35ನೇ ಅಧ್ಯಾಯದ ಕೊನೆಗೆ ಬಂದರೆ ಕಸೂತಿ ಹಾಕೋರು, ನೇಯುವವರು ಕೂಡ ಆ ಪಟ್ಟಿಯಲ್ಲಿದ್ದಾರೆ. ಅದೇ ಅಧ್ಯಾಯದಲ್ಲಿ ಹೆಂಗಸರು ತಮ್ಮ ಕೈಯಿಂದ ನೂಲು ತೆಗೆದು ತಂದರು. ಪವಿತ್ರಾತ್ಮನು ನಾಲಿಗೆಯ ಮೇಲೆ ಇಳಿದ ಹಾಗೆ ಬೆರಳಿನ ಮೇಲೂ ಇಳೀತಾನೆ. ಆಮೆನ್ ಹೇಳ್ತೀರಾ?

ಬೆರಳಿನಿಂದ ಇಡೀ ಬೈಬಲ್ ಕಥೆ ಹೇಳಿದ ಒಬ್ಬ ಸಹೋದರಿಯ ವಿಷಯ ಹೇಳ್ತೀನಿ. ಹೆಸರು ಹ್ಯಾರಿಯೆಟ್ ಪವರ್ಸ್. 1837ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರಿನ ಹತ್ತಿರ ಗುಲಾಮಳಾಗಿ ಹುಟ್ಟಿದಳು. ಗುಲಾಮರಿಗೆ ಓದು ಬರಹ ಕಲಿಸೋದು ಆಗ ಅಲ್ಲಿ ಕಾನೂನಿಗೆ ವಿರುದ್ಧ. ಗುಲಾಮಗಿರಿ ಮುಗಿದು ಸುಮಾರು 20 ವರ್ಷ ಆದ್ಮೇಲೆ ಆಕೆ ಒಂದು ಕ್ವಿಲ್ಟ್ ಹೊಲಿದಳು. ನಮ್ಮ ಉತ್ತರ ಕರ್ನಾಟಕದ ಕೌದಿ ನೋಡಿದ್ದೀರಲ್ಲ, ಪದರದ ಮೇಲೆ ಪದರ ಬಟ್ಟೆ ಇಟ್ಟು ಹೊಲಿಯೋದು, ಆ ಥರದ್ದೇ. ಬಟ್ಟೆ ಚೂರುಗಳನ್ನು ಮನುಷ್ಯರ, ಪ್ರಾಣಿಗಳ, ನಕ್ಷತ್ರಗಳ ಆಕಾರಕ್ಕೆ ಕತ್ತರಿಸಿ, ಕೂರಿಸಿ ಹೊಲಿದು 11 ಚಿತ್ರ ಮಾಡಿದಳು. ಏದೆನಿನಲ್ಲಿ ಆದಾಮ ಹವ್ವ, ಹೇಬೆಲನನ್ನು ಕೊಲ್ಲುವ ಕಾಯಿನ, ಯಾಕೋಬನ ಕನಸು, ಯೇಸುವಿನ ದೀಕ್ಷಾಸ್ನಾನದಲ್ಲಿ ಪಾರಿವಾಳದಂತೆ ಇಳಿದ ಆತ್ಮ, ಶಿಲುಬೆ. ಕಡೇ ಭೋಜನದ ಚಿತ್ರದಲ್ಲಿ ಶಿಷ್ಯರಿಗೆಲ್ಲ ಚುಕ್ಕಿ ಇರೋ ಬಿಳಿ ಬಟ್ಟೆ, ಇಸ್ಕರಿಯೋತ ಯೂದನಿಗೆ ಮಾತ್ರ ಮಂಕು ಬಣ್ಣದ ಬಟ್ಟೆ! ಒಂದು ತುಂಡು ಬಟ್ಟೆಯಲ್ಲಿ ಇಡೀ ಪ್ರಸಂಗ ಮುಗಿಸಿಬಿಟ್ಟಳು ನೋಡಿ.

1886ರಲ್ಲಿ ಅಥೆನ್ಸ್‌ನ ಒಂದು ಮೇಳದಲ್ಲಿ ಅದನ್ನು ತೂಗುಹಾಕಿದ್ದರು. ಜೆನ್ನಿ ಸ್ಮಿತ್ ಎಂಬ ಚಿತ್ರಕಲಾ ಶಿಕ್ಷಕಿ ನೋಡಿ, ಕೊಳ್ತೀನಿ ಅಂದಳು. ಹ್ಯಾರಿಯೆಟ್ ಕೊಡಲ್ಲ ಅಂದಳು. ಕೆಲವು ವರ್ಷದ ಮೇಲೆ ಮನೇಲಿ ಕಷ್ಟ ಬಂತು. 10 ಡಾಲರ್ ಕೇಳಿದಳು, ಸಿಕ್ಕಿದ್ದು 5. ಕೊಡೋದು ಕೊಟ್ಟಳು, ಆದರೆ ಒಂದೊಂದು ಚಿತ್ರದ ಅರ್ಥವನ್ನೂ ಬಿಡಿಸಿ ಹೇಳಿದಳು. ಜೆನ್ನಿ ಅದನ್ನೆಲ್ಲ ಬರೆದಿಟ್ಟಳು. ಆಮೇಲೂ ಹ್ಯಾರಿಯೆಟ್ ಹಲವು ಸಲ ತನ್ನ ಕ್ವಿಲ್ಟ್ ನೋಡೋಕೆ ಹೋಗಿ ಬಂದಳಂತೆ. ಮಗಳನ್ನು ಕೊಟ್ಟ ಮನೆಗೆ ತಾಯಿ ಹೋಗಿ ಬಂದ ಹಾಗೆ. ಇವತ್ತು ಅದು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. 15 ಚಿತ್ರಗಳಿರುವ ಆಕೆಯ ಇನ್ನೊಂದು ಕ್ವಿಲ್ಟ್ ಬಾಸ್ಟನ್‌ನ ಮ್ಯೂಸಿಯಂನಲ್ಲಿದೆ.

ನಿಮ್ಮಲ್ಲಿ ಕೆಲವರು ಈ ವಾರ ಇದನ್ನೇ ಅನುಭವಿಸಿದ್ದೀರಿ. ರಾತ್ರಿಯೆಲ್ಲ ಕೂತು ಮಾಡಿದ ಕೆಲಸ ಕಡಿಮೆ ಬೆಲೆಗೆ ಹೋಯ್ತು. ಪ್ರೆಸೆಂಟೇಶನ್‌ನಲ್ಲಿ ಬೇರೆಯವರ ಹೆಸರು ಬಂತು. ಕೇಳಿ, ಬೆಲೆ ಕಟ್ಟುವವರು ಕಟ್ಟಿದ್ದೇ ಕೊನೆಯ ಬೆಲೆ ಅಲ್ಲ. 5 ಡಾಲರಿಗೆ ಹೋದ ಬಟ್ಟೆಯ ಒಳಗಿದ್ದ ಸಾಕ್ಷಿಯನ್ನು ಯಾರೂ ಕೊಂಡುಕೊಳ್ಳೋಕೆ ಆಗಲಿಲ್ಲ.

ಈಗ ನಮ್ಮ ಸಭೆಗೆ ಬರೋಣ. ಇಲ್ಲಿ ಗಾರ್ಮೆಂಟ್ಸ್‌ಗೆ ಹೋಗೋ ಸಹೋದರಿಯರಿದ್ದಾರೆ. ಅವರಲ್ಲಿ ಒಬ್ಬಳನ್ನು ನಾನು ಒಂದು ಸಲ ಸಾಕ್ಷಿ ಹೇಳಮ್ಮ ಅಂತ ಕೇಳಿದೆ. "ಪಾಸ್ಟರ್, ದಿನವಿಡೀ ಬರೀ ಕಾಲರ್ ಹೊಲೀತೀನಿ. ಒಂದು ಪೂರ್ತಿ ಶರ್ಟು ಕೂಡ ನನ್ನದು ಅಂತ ಇಲ್ಲ. ಮೈಕ್ ಹಿಡಿದು ಏನು ಹೇಳ್ಲಿ?" ಅಂದಳು. ಆದರೆ ಅದೇ ತಂಗಿ, ಸಭೆಯಲ್ಲಿ ಯಾರಿಗೆ ಮಗು ಹುಟ್ಟಿದರೂ ಮನೇಲಿ ಕೂತು ಒಂದು ಕುಲಾವಿ ಹೊಲಿದು ಕೊಡ್ತಾಳೆ. ಅಂಚಿನಲ್ಲಿ ಮಗುವಿನ ಹೆಸರಿನ ಮೊದಲ ಅಕ್ಷರ, ಕೆಂಪು ದಾರದಲ್ಲಿ.

ಹಾಗೆ ಕುಲಾವಿ ಸಿಕ್ಕ ಒಂದು ಮಗು ಹನ್ನೊಂದೇ ದಿನ ಬದುಕಿತ್ತು. ನಾವೂ ಮೊಣಕಾಲೂರಿ ಪ್ರಾರ್ಥಿಸಿದ್ವಿ. ಉಪವಾಸ ಮಾಡಿದ್ವಿ. ಮಗು ಉಳೀಲಿಲ್ಲ. ಯೊಪ್ಪದಲ್ಲಿ ಎಬ್ಬಿಸಿದ ದೇವರು ಇಲ್ಲಿ ಯಾಕೆ ಎಬ್ಬಿಸಲಿಲ್ಲ ಅಂತ ಆ ತಾಯಿ ನನ್ನನ್ನು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತೂ ಇಲ್ಲ. ಕೆಲವು ತಿಂಗಳ ಮೇಲೆ ಅವರ ಮನೆಗೆ ಹೋದಾಗ ಆಕೆ ಬೀರುವಿನಿಂದ ಆ ಕುಲಾವಿ ತೆಗೆದು ತೋರಿಸಿದಳು. "ನೋಡಿ ಪಾಸ್ಟರ್, ನನ್ನ ಮಗೂಗೆ ಹೆಸರಿತ್ತು. ಒಬ್ಬರು ಅದನ್ನ ಹೊಲಿದಿದ್ದಾರೆ." ಕಾಲರ್ ಹೊಲಿಯೋ ತಂಗಿಗೆ ಸಾಕ್ಷಿ ಇಲ್ಲ ಅಂದೋರು ಯಾರು? ನಾನು ಆ ಮನೆಯಲ್ಲಿ ಹೇಳಿದ ಎಲ್ಲಾ ಮಾತಿಗಿಂತ ಆ ಒಂದು ಅಕ್ಷರ ದೊಡ್ಡ ಆದರಣೆ ಕೊಟ್ಟಿತ್ತು.

ಒಂದು ಎಚ್ಚರಿಕೆ. ಬಟ್ಟೆ ತೋರಿಸಿದ್ದಕ್ಕೆ ದೊರ್ಕ ಎದ್ದಳು ಅಂತ ತಿಳ್ಕೋಬೇಡಿ. ಪೇತ್ರ ಎಲ್ಲರನ್ನೂ ಹೊರಗೆ ಕಳಿಸಿ, ಮೊಣಕಾಲೂರಿ ಪ್ರಾರ್ಥಿಸಿದ. ಎಬ್ಬಿಸಿದವನು ಕರ್ತನು. ನಮ್ಮ ಪುಣ್ಯಕಾರ್ಯ ದೇವರ ಮುಂದೆ ಕೊಳೆ ಬಟ್ಟೆ ಅಂತ ಯೆಶಾಯ 64 ನಮಗೆ ನೆನಪಿಸುತ್ತದೆ. ಸೂಜಿ ಯಾರನ್ನೂ ರಕ್ಷಿಸೋದಿಲ್ಲ. ರಕ್ಷಣೆ ಹೊಂದಿದ ಕೈ ಸೂಜಿ ಹಿಡಿಯುತ್ತದೆ, ಅಷ್ಟೇ. ದೊರ್ಕ ಮತ್ತೆ ಒಂದು ದಿನ ತೀರಿಕೊಂಡಳು. ಆಕೆಗೂ ಆ ಹನ್ನೊಂದು ದಿನದ ಮಗುವಿಗೂ ನಿರೀಕ್ಷೆ ಒಂದೇ, ಸಮಾಧಿಯಲ್ಲಿ ತನ್ನ ನಾರುಬಟ್ಟೆ ಬಿಟ್ಟು ಎದ್ದು ಬಂದ ಯೇಸು.

ಹಾಗಾದರೆ ನಾವೇನು ಮಾಡಬೇಕು? ಎರಡು ಕೆಲಸ.

ಮೊದಲನೆಯದು, ಈ ತಿಂಗಳು ಒಬ್ಬರಿಗೆ ನಿಮ್ಮ ಕೈಯಾರೆ ಏನಾದರೂ ಮಾಡಿಕೊಡಿ. ಆರ್ಡರ್ ಮಾಡಿ ಕಳಿಸೋದಲ್ಲ. ಹೊಲಿಗೆ ಬರದಿದ್ದರೆ ಕಲೀರಿ. ಕಿತ್ತುಹೋದ ಗುಂಡಿ ಹಾಕಿಕೊಟ್ಟರೂ ಸಾಕು. ಕೈ ಕೆಲಸ ಮಾಡ್ತಿರುವಾಗ ಆ ವ್ಯಕ್ತಿಯ ಹೆಸರು ಹಿಡಿದು ಪ್ರಾರ್ಥಿಸಿ. ಹುಡುಗರೇ, ಇದು ನಿಮಗೂ ಸೇರಿ. ಬೆಚಲೇಲ ಗಂಡಸೇ!

ಎರಡನೆಯದು, ಆ ವಿಧವೆಯರ ಕೆಲಸ. ಮೈಕ್ ಸಿಗದವರ ಸಾಕ್ಷಿಯನ್ನು ನೀವು ಎತ್ತಿ ತೋರಿಸಿ. ಊರಿಗೆ ಹೋದಾಗ ಅಜ್ಜಿಯ ಹಳೇ ಕೌದಿ ಬಿಚ್ಚಿ ಹಾಸಿ. "ಅಜ್ಜಿ, ಈ ತುಂಡು ಯಾರ ಸೀರೇದು? ಇದು ಯಾವ ವರ್ಷದ್ದು?" ಅಂತ ಕೇಳಿ. ಫೋನ್ ಪಕ್ಕಕ್ಕಿಟ್ಟು ಕೇಳಿ, ಆಮೇಲೆ ಬರೆದಿಡಿ. ಜೆನ್ನಿ ಬರೆದಿಡದೆ ಹೋಗಿದ್ದರೆ ಆ ಮಂಕು ಬಟ್ಟೆ ಯೂದನದ್ದು ಅಂತ ನಾನು ಇವತ್ತು ನಿಮಗೆ ಹೇಗೆ ಹೇಳ್ತಿದ್ದೆ?

ಕಣ್ಣು ಮುಚ್ಚೋಣ. ನಿಮ್ಮ ಎರಡೂ ಕೈ ಚಾಚಿ.

ಕರ್ತನೇ, ಈ ಕೈಗಳನ್ನು ನೋಡು. ಕೀಬೋರ್ಡ್ ಒತ್ತುವ ಕೈ, ಮಿಷನ್ ಮುಂದೆ ನೋಯುವ ಕೈ, ಮಗುವನ್ನು ಕಳಕೊಂಡು ಖಾಲಿಯಾದ ಕೈ. ನಿನ್ನ ಆತ್ಮದಿಂದ ಇವುಗಳನ್ನು ತುಂಬಿಸು. ನಾವು ಹೋದ ಮೇಲೆ ನಮ್ಮ ಸುತ್ತ ನಿಂತವರ ಹತ್ತಿರ ನಿನ್ನ ಪ್ರೀತಿಯನ್ನು ತೋರಿಸಲು ಏನಾದರೂ ಇರಲಿ. ಯೇಸುವಿನ ನಾಮದಲ್ಲಿ, ಆಮೆನ್.