ಕಡಲಿಗೆ ಕೊಡುವ ಮರ್ಯಾದೆ

ಡಿಸೆಂಬರ್ ಬಂತೆಂದರೆ ನಮ್ಮೂರು ದೊಡ್ಡಬೆಳವಂಗಲದ ಹೊಲಗಳಲ್ಲಿ ರಾಗಿ ಕುಯ್ಲು, ಶಾಲೆಗಳಲ್ಲಿ ಪ್ರವಾಸದ ಗಡಿಬಿಡಿ. ಧರ್ಮಸ್ಥಳ, ಉಡುಪಿ, ಮುರುಡೇಶ್ವರ ಎಂದು ಮೇಷ್ಟ್ರು ಪಟ್ಟಿ ಓದುತ್ತಿದ್ದರೆ ಮಕ್ಕಳ ಪ್ರಶ್ನೆ ಒಂದೇ: "ಸಾರ್, ಸಮುದ್ರ ತೋರಿಸ್ತೀರಾ?" ಕರಾವಳಿಯಿಂದ ರಸ್ತೆಯ ದಾರಿಯಲ್ಲಿ ಮುನ್ನೂರು ಕಿಲೋಮೀಟರಿಗೂ ಆಚೆ, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮಗೆ ನೀರೆಂದರೆ ಕೆರೆ. ಅದು ಕೋಡಿ ಬಿದ್ದರೆ ಗಂಗಮ್ಮನಿಗೆ ಬಾಗಿನ ಕೊಡುತ್ತೇವೆ. ನೀರಿನ ಬಗ್ಗೆ ಭಕ್ತಿಗೆ ನಮ್ಮಲ್ಲೇನೂ ಬರವಿಲ್ಲ.

2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆಯಿಂದ ಪ್ರವಾಸಕ್ಕೆ ಬಂದಿದ್ದ ವಸತಿಶಾಲೆಯ ನಾಲ್ವರು ವಿದ್ಯಾರ್ಥಿನಿಯರನ್ನು ಮುರುಡೇಶ್ವರದ ಕಡಲು ಸೆಳೆದುಕೊಂಡಿತು. ಅವರೂ ನಮ್ಮಂತೆ ಕೆರೆ ಸೀಮೆಯ ಮಕ್ಕಳು. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸಮುದ್ರಕ್ಕೆ ಮರ್ಯಾದೆ ಕೊಡಬೇಕು ಎಂದು ಎಲ್ಲರೂ ಹೇಳುತ್ತೇವೆ. ಹಾಗೆಂದರೆ ಮಾಡಬೇಕಾದ್ದೇನು?

ಉತ್ತರವನ್ನು ನಾನು ಅತಿ ಅಪಾಯದ ನೀರಿಗೆ ಬೇಕೆಂದೇ ಇಳಿಯುವವರಲ್ಲಿ ಹುಡುಕಿದೆ. ಹಲಗೆಯ ಮೇಲೆ ನಿಂತು ಅಲೆ ಏರುವ ಸರ್ಫಿಂಗ್ ಈಗ ನಮ್ಮ ನಾಡಿಗೂ ಹೊಸದಲ್ಲ. ಮುಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ 2004ರಿಂದ ಇದೆ. 2016ರಲ್ಲಿ ಹತ್ತಿರದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ನಡೆಯಿತು. ಆದರೆ ಈ ಆಟದ ನಿಜವಾದ ಭಯಂಕರ ರೂಪ ಕಾಣುವುದು ಹವಾಯಿ, ಕ್ಯಾಲಿಫೋರ್ನಿಯಾಗಳ ಚಳಿಗಾಲದಲ್ಲಿ. ಉತ್ತರ ಪೆಸಿಫಿಕ್‌ನಲ್ಲೆಲ್ಲೋ ಬಿರುಗಾಳಿ ಎದ್ದರೆ ಅದರ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿಬಂದು ಅಲ್ಲಿನ ದಡಕ್ಕೆ ಅಪ್ಪಳಿಸುತ್ತವೆ. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್ನಿಗೂ ಹೆಚ್ಚು ತೂಗುತ್ತದೆ. ಅಲೆಯ ಎತ್ತರ ಎರಡರಷ್ಟಾದರೆ ಅದರೊಳಗಿನ ಶಕ್ತಿ ನಾಲ್ಕರಷ್ಟಾಗುತ್ತದೆ.

1994ರ ಡಿಸೆಂಬರ್ 23ರಂದು ಕ್ಯಾಲಿಫೋರ್ನಿಯಾದ ಮ್ಯಾವರಿಕ್ಸ್‌ನಲ್ಲಿ ಸರ್ಫರ್ ಮಾರ್ಕ್ ಫೂ ಪ್ರಾಣ ಬಿಟ್ಟರು. ಹವಾಯಿಯ ದೊಡ್ಡ ಅಲೆಗಳಲ್ಲಿ ಹೆಸರು ಮಾಡಿದ್ದವರು ಅವರು. ಅವರನ್ನು ಕೊಂದದ್ದು ಆ ದಿನದ ಅತಿ ದೊಡ್ಡ ಅಲೆಯೇನಲ್ಲ. ಸಮುದ್ರದ ಬಳಿ ಸೇವಾ ಹಿರಿತನದ ಪಟ್ಟಿ ಇರುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಸಮುದ್ರಕ್ಕೆ ಮನಸ್ಸಿಲ್ಲ, ಕೈಮುಗಿದರೂ ಅದಕ್ಕೆ ತಿಳಿಯದು. ತಿಳಿಯದ್ದಕ್ಕೆ ಮರ್ಯಾದೆ ಕೊಟ್ಟು ಏನು ಬಂತು? ನಮ್ಮ ಮಾತಿನಲ್ಲೇ ಇದಕ್ಕೆ ಉತ್ತರವಿದೆ. ಮರ್ಯಾದೆ ಎಂದರೆ ಗೌರವ ಮಾತ್ರವಲ್ಲ. ಎಲ್ಲೆ, ಮೇರೆ ಎಂಬ ಅರ್ಥವೂ ಅದಕ್ಕಿದೆ. ಮನುಷ್ಯರಿಗೆ ಕೊಡುವ ಮರ್ಯಾದೆ ಅವರನ್ನು ತಲುಪುತ್ತದೆ. ಕಡಲಿಗೆ ಕೊಡುವ ಮರ್ಯಾದೆ ನಮ್ಮಲ್ಲೇ ಉಳಿದು ನಮ್ಮ ಎಲ್ಲೆಯನ್ನು ಗುರುತಿಸಿಕೊಡುತ್ತದೆ. ನನ್ನ ಆಸೆ, ನನ್ನ ಧೈರ್ಯ, ನಾನು ಕೊಟ್ಟ ಬಸ್ ಚಾರ್ಜು ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ ಎಂದು ಒಪ್ಪಿಕೊಳ್ಳುವುದೇ ಅದರ ಮೊದಲ ಪಾಠ.

ಹಾಗಾದರೆ ನೀರಿಗೇ ಇಳಿಯದವನು ಎಲ್ಲರಿಗಿಂತ ಹೆಚ್ಚು ಮರ್ಯಾದಸ್ಥನೇ? ಅಲ್ಲ. ಅವನದು ಭಯ, ಮತ್ತು ಭಯ ಏನನ್ನೂ ಕಲಿಸುವುದಿಲ್ಲ. ಮರ್ಯಾದೆ ಬಲ್ಲವರು ನೀರಿಗೆ ಇಳಿಯುತ್ತಾರೆ, ಆದರೆ ತಕ್ಕ ಹೊತ್ತಿಗಾಗಿ ಕಾದು. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಿಷೇಧ. ನೂಲು ಹುಣ್ಣಿಮೆಯ ಹೊತ್ತಿಗೆ ಮೊಗವೀರರು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಅರ್ಪಿಸಿ ಪೂಜಿಸುತ್ತಾರೆ. ಕಾಯುವಿಕೆ ಮೊದಲು, ಪೂಜೆ ಆಮೇಲೆ. ಹವಾಯಿಯ ವೈಮಿಯಾ ಕೊಲ್ಲಿಯಲ್ಲಿ ಸರ್ಫರ್ ಎಡ್ಡಿ ಐಕಾವು ಹೆಸರಿನಲ್ಲಿ ನಡೆಯುವ ಸರ್ಫಿಂಗ್ ಸ್ಪರ್ಧೆಯಲ್ಲೂ ಕಾಯುವಿಕೆಯೇ ಮೊದಲು. ತಕ್ಕ ಅಲೆ ಬರಲೆಂದು ಇಡೀ ಚಳಿಗಾಲ ಕಾಯುತ್ತಾರೆ, ಬರದಿದ್ದರೆ ಆ ವರ್ಷ ಸ್ಪರ್ಧೆಯೇ ಇಲ್ಲ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎನ್ನುವ ಗಾದೆ ಸಂಸಾರಕ್ಕೆ ಒಪ್ಪೀತು. ಕಡಲಿನಲ್ಲಿ ಲೆಕ್ಕವೆಲ್ಲ ಇಳಿಯುವ ಮೊದಲೇ ಮುಗಿದಿರಬೇಕು.

ಆ ಲೆಕ್ಕ ನೋಡುವ ಕಣ್ಣಿನಿಂದ ಶುರುವಾಗುತ್ತದೆ. ಸರ್ಫರ್ ದಡಕ್ಕೆ ಬಂದ ಕೂಡಲೇ ನೀರಿಗೆ ಹಾರುವುದಿಲ್ಲ. ನಿಂತು ನೋಡುತ್ತಾನೆ. ದೊಡ್ಡ ಅಲೆಗಳು ಗುಂಪುಗುಂಪಾಗಿ ಬರುತ್ತವೆ. ಎರಡು ಗುಂಪುಗಳ ನಡುವಿನ ಬಿಡುವಿನಲ್ಲಿ ಕಡಲು ಸಾಧುವಾಗಿ ಕಾಣುತ್ತದೆ. ಅಕ್ಕಪಕ್ಕದಲ್ಲಿ ಅಲೆ ಒಡೆದು ನೊರೆಯೇಳುತ್ತಿದ್ದರೂ ನಡುವೆ ಒಂದು ಪಟ್ಟಿ ಮಾತ್ರ ನೊರೆಯಿಲ್ಲದೆ ತಣ್ಣಗಿರುತ್ತದೆ. ಕೆರೆ ನೋಡಿ ಬೆಳೆದ ನನ್ನ ಕಣ್ಣಿಗೆ ಕಾಲಿಡಲು ಅದೇ ಸರಿಯಾದ ಜಾಗ. ವಾಸ್ತವದಲ್ಲಿ ದಡಕ್ಕೆ ಬಂದು ಬಿದ್ದ ನೀರೆಲ್ಲ ಹಿಂದಕ್ಕೆ ಓಡುವ ದಾರಿ ಅದು. ಅದಕ್ಕೆ ಸಿಕ್ಕಿದವರು ಗಾಬರಿಯಿಂದ ದಡದತ್ತ ಈಜಿ ಈಜಿ ಸೋಲುತ್ತಾರೆ. ಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಿದ್ದ ಮೇಲೆ ದಡದತ್ತ ತಿರುಗುತ್ತಾರೆ. ಸರ್ಫರ್‌ಗಳು ಇದೇ ಸೆಳೆತವನ್ನು ಆಳಕ್ಕೆ ಹೋಗುವ ರಸ್ತೆಯಂತೆ ಬಳಸುತ್ತಾರೆ. ನೀರು ಅದೇ, ಸೆಳೆತ ಅದೇ. ತಿಳಿದವನಿಗೆ ದಾರಿ, ತಿಳಿಯದವನಿಗೆ ಸಾವು.

ಆದ್ದರಿಂದ ನನ್ನ ತೀರ್ಮಾನ ಇಷ್ಟೇ: ತಿಳಿವಳಿಕೆ ಇಲ್ಲದ ಭಕ್ತಿಯೂ, ಹಿಂದಿರುಗಲು ಒಪ್ಪದ ಧೈರ್ಯವೂ ಮರ್ಯಾದೆ ಅಲ್ಲ. ಈ ಪಾಠವನ್ನು ಕಲಿಸುವ ಹೊಣೆ ಮಕ್ಕಳದಲ್ಲ, ನಮ್ಮದು. ಈ ಡಿಸೆಂಬರ್‌ನಲ್ಲಿ ನಿಮ್ಮೂರ ಶಾಲೆಯ ಬಸ್ಸು ಕರಾವಳಿಗೆ ಹೊರಡುವುದಾದರೆ, ಹಿಂದಿನ ದಿನ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಕಪ್ಪು ಹಲಗೆಯ ಮೇಲೆ ದಡ ಬರೆಯಿರಿ, ಅಲೆ ಬರೆಯಿರಿ, ನಡುವೆ ಆ ತಣ್ಣನೆಯ ಪಟ್ಟಿಯನ್ನು ಬರೆದು ತೋರಿಸಿ.